ಕೀಲೆಣ್ಣೆ

ಆರು ನಟ್ಟೂ ಬಿಚ್ಚಿ, ಎಣಿಸಿ, ಟೋಪಿಯೊಳಗಿಟ್ಟಾಯಿತು,
ಹಿಮದಲ್ಲಿ ಕಳೆಯದ ಹಾಗೆ.
ಜಾಕು ಎತ್ತಿ ನಿಂತಿದೆ. ಗಾಳಿ ಹೋದ ಮುಂದಿನ ಚಕ್ರ
ಹಿಡಿದುಕೊಳ್ಳಲು ಏನೂ ಇಲ್ಲದೆಯೂ
ಹಾಗೇ ಇದೆ.
ಎಳೆದೆ. ಅಲುಗಲಿಲ್ಲ.
ಒದ್ದೆ. ನೋವಾದದ್ದು ನನ್ನ ಹಿಮ್ಮಡಿಗೆ.

ಆಸ್ವೀಗೊದಲ್ಲಿ ನವೆಂಬರಿನಿಂದ ಏಪ್ರಿಲ್ ತನಕ
ಸರೋವರವೇ ಎದ್ದು ಬಂದು ಊರ ಮೇಲೆ ಬೀಳುತ್ತದೆ.
ಅದರ ಬೆನ್ನಿಗೇ ಕೌಂಟಿಯ ಲಾರಿ
ಕೋಳಿಗೆ ಕಾಳೆರಚಿದ ಹಾಗೆ ಉಪ್ಪೆರಚುತ್ತ ಹೋಗುತ್ತದೆ.
ಹನ್ನೊಂದು ಚಳಿಗಾಲ ಆ ಉಪ್ಪು ತಿಂದ ಪಿಕಪ್ಪು ಇದು,
ಗಾದೆಯಂತೆ ನೀರನ್ನೂ ಕುಡಿದಿದೆ.
ಅಲಾಯ್ ರಿಮ್ಮು, ಕಬ್ಬಿಣದ ಡಿಸ್ಕು
ಒಂದನ್ನೊಂದು ಕಚ್ಚಿ ಹಿಡಿದು
ಎಲ್ಲಿ ಇದು ಮುಗಿಯಿತು ಎಲ್ಲಿ ಅದು ಶುರು
ಬೆರಳಿಗೆ ತಿಳಿಯದು.
ಉಪ್ಪಿನ ಋಣ ಅಂದರೆ ಇದೇ ಇರಬೇಕು.

ರಾತ್ರಿ ಹನ್ನೊಂದಕ್ಕೆ ನನ್ನ ಪಾಳಿ. ಆಸ್ಪತ್ರೆಯ ಲ್ಯಾಬಿನಲ್ಲಿ
ಇನ್ನೊಬ್ಬರ ರಕ್ತದಲ್ಲಿ ಕಬ್ಬಿಣ ಎಷ್ಟಿದೆ ಅಂತ ಅಳೆಯುವ ಕೆಲಸ.
ಇಲ್ಲಿ ಅಳೆಯುವುದೇ ಬೇಡ, ಕೈಗವಸೆಲ್ಲ ಕೆಂಪು.

ಎದುರುಮನೆಯ ಲೊರೆಟ್ಟಾ ಶಿಮಾನ್ಸ್ಕಿ
ಕಿಟಕಿಯಿಂದ ನೋಡುವಷ್ಟು ನೋಡಿ, ತಡೆಯಲಾರದೆ,
ದೊಡ್ಡ ಸುತ್ತಿಗೆ ಹೆಗಲಿಗಿಟ್ಟು ರಸ್ತೆ ದಾಟಿ ಬಂದಳು.
ನಲವತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು,
‘ಕೂತ್ಕೊಳ್ಳಿ ಎಲ್ಲಾ’ ಅನ್ನುವ ದನಿ ಇನ್ನೂ ಹೋಗಿಲ್ಲ.
"ಒದ್ದೆಯಾ?"
"ಒದ್ದೆ."
"ಬೈದೆಯಾ?"
"ಕನ್ನಡದಲ್ಲಿ."
"ಅದಕ್ಕೇ ಅದಕ್ಕೆ ಅರ್ಥವಾಗಿಲ್ಲ."

ಮೊದಲು ತುಕ್ಕಿಗೆ ಎಣ್ಣೆ. ಕಾಯಬೇಕು.
ಕಾಯುವಾಗ ಎಡಗೈ ಗವಸು ಬಿಚ್ಚಿ ತೋರಿಸಿದಳು:
ಉಂಗುರ ಸೋಪಿಗೆ ಬರಲಿಲ್ಲ, ಬೆಣ್ಣೆಗೂ ಬರಲಿಲ್ಲ,
ನಿಮ್ಮ ಆಸ್ಪತ್ರೆಯಲ್ಲೇ ಕತ್ತರಿಸಿದರು,
ಗಂಡ ಹೋಗಿ ಆಗಲೇ ಆರು ವರ್ಷ, ಸಿರಾಕ್ಯೂಸಿಗೆ,
ಸತ್ತಿಲ್ಲ, ಇದ್ದಾನೆ.
ಇಷ್ಟು ಹೇಳಿ ಗವಸು ಹಾಕಿಕೊಂಡಳು.
ನಾನು ಏನಾದರೂ ಅನ್ನಬೇಕಿತ್ತೇನೋ.
ಎಣ್ಣೆ ಇಳಿಯುವುದನ್ನು ನೋಡುತ್ತಿದ್ದೆ.

ಆಮೇಲೆ ಸ್ಟ್ಯಾಂಡು ಕೊಟ್ಟು, ಒಳಬದಿಯಿಂದ
ಟೈರಿಗೆ ಮರದ ತುಂಡು ಹಿಡಿದು ಏಟು.
ಒಂದು ಏಟು, ಚಕ್ರ ಕಾಲುಸುತ್ತು, ಇನ್ನೊಂದು ಏಟು.
ಒಂದೇ ಕಡೆ ಹೊಡೆದರೆ ಹಟ ಮಾಡುತ್ತೆ, ಅಂದಳು.
ಹದಿನೇಳು ಏಟು. ಮೂರು ಮನೆಯಾಚೆಯ ನಾಯಿ
ಬೊಗಳಿ ಬೊಗಳಿ ದಣಿಯಿತು.
ಚಕ್ರ ಬರಲಿಲ್ಲ.

"ನಟ್ಟು ಹಾಕು" ಅಂದಳು.
ತಪ್ಪು ಕೇಳಿಸಿತೆಂದುಕೊಂಡೆ.
"ಹಾಕು. ಬಿಗಿ ಮಾಡಬೇಡ, ಎರಡು ಸುತ್ತು ಸಡಿಲ ಇರಲಿ.
ಇಳಿಸು. ಹತ್ತು ಅಡಿ ಮುಂದೆ, ಹತ್ತು ಅಡಿ ಹಿಂದೆ.
ನಡುನಡುವೆ ಬ್ರೇಕು ತುಳಿ."
ಬಿಡಿಸಲು ಬಂದವಳು ಮತ್ತೆ ಕಟ್ಟಿಸುತ್ತಿದ್ದಾಳೆ!
ಸಡಿಲ ನಟ್ಟಿನ ಗಾಡಿಯಲ್ಲಿ ಕೂತವಳಿಗೇ ಗೊತ್ತು
ಹತ್ತು ಅಡಿ ಎಷ್ಟು ಉದ್ದ.
ಮುಂದೆ. ತುಳಿ.
ಹಿಂದೆ. ತುಳಿ.
ಮೂರನೆಯ ಸಲ
ಕಾಲ ಕೆಳಗೆಲ್ಲೋ ಒಂದು ಸದ್ದು,
ವರ್ಷಗಟ್ಟಲೆ ಮಾತುಬಿಟ್ಟು ಕೂತವರು
ಒಮ್ಮೆ "ಹ್ಞಾಂ" ಅಂದ ಹಾಗೆ.

ಮತ್ತೆ ಜಾಕು, ಮತ್ತೆ ಆರು ನಟ್ಟು. ಈ ಸಲ
ಚಕ್ರ ತಾನಾಗಿ ನನ್ನ ಮಡಿಲಿಗೆ ಬಂತು,
ಎಮ್ಮೆಗರುವಿನ ತೂಕ.

ತಂತಿಬ್ರಷ್ಷಿನಲ್ಲಿ ಗುಂಬ ಉಜ್ಜಿದೆ, ಲೋಹ ಕಾಣುವ ತನಕ.
ಅವಳು ಬೆರಳ ತುದಿಯಲ್ಲಿ ಬೆಳ್ಳಿಬಣ್ಣದ ಲೇಪ ತೆಗೆದು
ಕಾಡಿಗೆ ತೀಡುವಷ್ಟು ತೆಳ್ಳಗೆ ಸವರಿದಳು.
"ಇಲ್ಲಿಗೆ ಮಾತ್ರ. ಪ್ಯಾಡು ಹಿಡಿಯುವ ಕಡೆ ತಾಗಿತೋ,
ಗಾಡಿ ಎಲ್ಲಿ ನಿಲ್ಲುತ್ತೋ ಹೇಳಲಾರೆ."
ಕೀಲೆಣ್ಣೆ, ಅಂದೆ. ಏನು? ಅಂದಳು.
ಎತ್ತಿನ ಬಂಡಿ ಹತ್ತಿದವಳೂ ಅಲ್ಲ ನಾನು,
ಆ ಮಾತು ಎಲ್ಲಿ ಕೂತಿತ್ತೋ,
ಕೈ ಹಾಕುತ್ತಲೇ ಬಂತು.
"ವರ್ಷಕ್ಕೊಮ್ಮೆ ಬಿಚ್ಚು, ಕಾರಣ ಇಲ್ಲದಿದ್ದರೂ" ಅಂದಳು.

ಏಳೂವರೆ. ಕತ್ತಲು. ಇನ್ನು ಸ್ಟೆಪ್ನಿ ಇಳಿಸಿ ಹಾಕಿದರೆ ಮುಗಿಯಿತು.
ಗಾಡಿಯ ಹೊಟ್ಟೆಯಡಿ ತಂತಿಹಗ್ಗದಲ್ಲಿ ತೂಗುವ ಸ್ಟೆಪ್ನಿ.
ಹಿಡಿ ತಿರುಗಿಸಿದೆ. ತಿರುಗಲಿಲ್ಲ.
ಅದೂ ಉಂಡಿದೆ, ಅದೇ ಉಪ್ಪು.

ಲೊರೆಟ್ಟಾ ಹಿಮದ ಮೇಲೆ ರಟ್ಟು ಹಾಸಿ
ಅಂಗಾತ ಒಳಗೆ ಜಾರಿದಳು, ಬೂಟು ಮಾತ್ರ ಹೊರಗೆ.
ಅಡಿಯಿಂದ ದನಿ:
"ಆಸ್ಪತ್ರೆಗೆ ಫೋನು ಮಾಡು, ತಡವಾಗುತ್ತೆ ಅನ್ನು.
ಆ ಎಣ್ಣೆ ಕೊಡು ಇತ್ತ."