ಆರಿಸುವುದು

ಹತ್ತನೆಯ ತರಗತಿಯ ಅಂಕಪಟ್ಟಿ ಕೊನೆಗೂ ಸಿಕ್ಕಿತು
ಉಪ್ಪಾನ ಹಳೆಯ ರೇಷನ್ ಕಾರ್ಡಿನ ಕವರಿನೊಳಗೆ,
ಮಡಿಕೆಯಲ್ಲಿ ಹರಿದು ಎರಡು ತುಂಡಾಗಿ.
ಗಣಿತ ಮೂವತ್ತೇಳು, ಕನ್ನಡ ಎಂಬತ್ತೊಂದು.
ಅದರಲ್ಲಿ ನಾನು ಸುಹರಾ. ಆಧಾರಿನಲ್ಲಿ ಸುಹ್ರ.
ಬ್ಯಾಂಕಿನಲ್ಲಿ, ಯಾರ ಕೈತಪ್ಪೋ, ಜುಹರಾ.
ಮೂವರೂ ಒಬ್ಬಳೇ ಎಂದು
ಕುಶಾಲನಗರದ ನೋಟರಿ, ಮುಖ ಕೂಡ ಎತ್ತದೆ,
ಇನ್ನೂರೈವತ್ತು ರೂಪಾಯಿಗೆ ಮುದ್ರೆ ಒತ್ತಿಕೊಟ್ಟ.

ಮಡಿಕೇರಿಯಲ್ಲಿ ಹತ್ತು ತಿಂಗಳ ತರಬೇತಿ,
ತರಗತಿ ಸಹಾಯಕಿ.
"ಆಯಾ ಕೆಲಸ ಕಲಿಯೋಕೆ ಹತ್ತು ತಿಂಗಳಾ?" ಎಂದ ಹಂಸ.
ಆಯಾ ಅಲ್ಲ ಎಂದೆ.
ಮತ್ತೇನು ಎಂದು ಕೇಳಿದ್ದರೆ ಹೇಳಲು
ನನಗೂ ಸರಿಯಾಗಿ ಗೊತ್ತಿರಲಿಲ್ಲ. ಪುಣ್ಯಕ್ಕೆ ಕೇಳಲಿಲ್ಲ.

ಅರ್ಜಿಯ ಕೊನೆಯ ಪುಟದಲ್ಲೊಂದು ಪ್ರಶ್ನೆ:
ಈ ವೃತ್ತಿಯನ್ನೇ ಏಕೆ ಆರಿಸಿಕೊಂಡಿರಿ?
ಐದು ವಾಕ್ಯಗಳಲ್ಲಿ ಬರೆಯಿರಿ.

ಆರಿಸುವುದೆಂದರೆ ನನಗೆ ಗೊತ್ತು.
ಹನ್ನೊಂದು ವರ್ಷ ಕೂಡ್ಲೂರಿನ ಕ್ಯೂರಿಂಗ್ ವರ್ಕ್ಸಿನಲ್ಲಿ
ಬೆಲ್ಟಿನ ಪಕ್ಕ ಕೂತವಳು.
ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದದ್ದು,
ಬಲಿಯದೆ ಬಿಳಿಚಿಕೊಂಡದ್ದು,
ಕಣ್ಣು ಕಾಣುವ ಮೊದಲೇ ಬೆರಳು ಹೆಕ್ಕಿಬಿಡುತ್ತಿತ್ತು.
ಸೂಪರ್‌ವೈಸರ್ ತಿಮ್ಮಯ್ಯ ಹೇಳುತ್ತಿದ್ದರು
ಸುಹರಾ ಕೂತ ಕಡೆ ಮೆಷಿನ್ ಬೇಡ ಅಂತ.
ಈಗ ಮೆಷಿನ್ ಬಂದಿದೆ. ಅದಕ್ಕೆ ಬಣ್ಣ ಕಾಣುತ್ತದಂತೆ.

ಅದಕ್ಕೇ ಬಂದೆ ಎಂದು ಬರೆದರೆ ಒಂದು ವಾಕ್ಯವಾಗುತ್ತದೆ.
ಬರೆಯಲಿಲ್ಲ. ಪೂರ್ತಿ ನಿಜವೂ ಅಲ್ಲ.

ಮಗ ಕನ್ನಡಕ ಮರೆತು ಹೋದ ದಿನ
ಊಟದ ಬಿಡುವಿನಲ್ಲಿ ಶಾಲೆಗೆ ಓಡಿದ್ದೆ.
ಒಂದು, ಎರಡು, ಮೂರು, ಮೂರೂ ತರಗತಿ ಒಂದೇ ಕೋಣೆಯಲ್ಲಿ,
ಬೊಳ್ಳಮ್ಮ ಟೀಚರಿಗೆ ಎರಡೇ ಕೈ.
ಹಾಡಿಯಿಂದ ಬರುವ ಕಾಳಿಂಗ ಮೇಜಿನ ಕೆಳಗಿದ್ದ.
ಬೆಳಿಗ್ಗೆಯಿಂದ ಅಲ್ಲೇ, ಎಂದರು,
ಇನ್ನೊಬ್ಬನ ಮೂಗು ಒರೆಸುತ್ತಾ.
ನಾನೂ ಕೆಳಗೆ ಕೂತೆ.
ದೊಡ್ಡ ಯೋಚನೆಯೇನಿಲ್ಲ, ಕುರ್ಚಿ ಇರಲಿಲ್ಲ.
ಅವನು ಮಾತಾಡಲಿಲ್ಲ, ನಾನೂ.
ಸುಮಾರು ಹೊತ್ತಾದ ಮೇಲೆ
ನನ್ನ ಶಾಲಿಗೆ ಅಂಟಿದ್ದ ಕಾಫಿಯ ಸಿಪ್ಪೆಯೊಂದನ್ನು
ಎರಡು ಬೆರಳಲ್ಲಿ ಹೆಕ್ಕಿ,
ಬೆಳಕಿಗೆ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ ನೋಡಿ,
ವಾಪಸು ಅಲ್ಲೇ ಅಂಟಿಸಿದ.

ಆ ದಿನ ಅರ್ಧ ದಿನದ ಕೂಲಿ ಹೋಯಿತು.

ಕಳೆದ ಬ್ಯಾಚಿನ ಪವಿತ್ರಾ ಕೊಟ್ಟ ಜೆರಾಕ್ಸ್ ಪುಸ್ತಕದಲ್ಲಿ
ಒಂದು ಸಾಲಿಗೆ ಪೆನ್ಸಿಲಿನ ಅಡಿಗೆರೆ ಇದೆ:
ಮಗು ತಾನೇ ಮಾಡಬಲ್ಲದ್ದನ್ನು ನೀವು ಮಾಡಿಕೊಡಬೇಡಿ. ಕಾಯಿರಿ.
ಹಾಗಾಗಿ ಕಾಯುವುದನ್ನು ಅಭ್ಯಾಸ ಮಾಡುತ್ತಿದ್ದೇನೆ, ಮನೆಯಲ್ಲೇ.
ಶಮ್ಮಾಸ್ ಅಂಗಿಯ ಗುಂಡಿ ಹಾಕುತ್ತಾನೆ,
ಮೇಲಿನದನ್ನು ಎರಡನೆಯ ತೂತಿಗೆ.
ಅತ್ತ ಶಾಲೆಯ ಮೊದಲ ಗಂಟೆ.
ನಾನು ಎರಡೂ ಕೈ ತೊಡೆಯ ಕೆಳಗಿಟ್ಟು ಕೂತಿದ್ದೇನೆ.
ಬೆರಳು ಸುಮ್ಮನಿರುವುದಿಲ್ಲ, ಹನ್ನೊಂದು ವರ್ಷದ ಚಾಳಿ,
ಬೆಲ್ಟು ಓಡುತ್ತಿದೆ ಎಂದೇ ಅಂದುಕೊಂಡಿವೆ.
ಕೆಳಗೆ ಬಂದಾಗ ಒಂದು ಗುಂಡಿ ಉಳಿಯುತ್ತದೆ.
ಅವನು ಅದನ್ನೇ ನೋಡುತ್ತಾನೆ. ನನ್ನನ್ನು ನೋಡುತ್ತಾನೆ.
ನಾನು ಕಿಟಕಿ ನೋಡುತ್ತೇನೆ.
ಎಲ್ಲ ಬಿಚ್ಚಿ ಮೊದಲಿನಿಂದ ಶುರು ಮಾಡುತ್ತಾನೆ.
ಎರಡನೆಯ ಗಂಟೆ.
ನಿನ್ನೆ ಸೋತು ನಾನೇ ಹಾಕಿಬಿಟ್ಟೆ. ಇವತ್ತು ಇಲ್ಲ.

ರಾತ್ರಿ ಹತ್ತೂವರೆ.
ಎರಡು ವಾಕ್ಯ ಬರೆದು ಒಂದನ್ನು ಹೊಡೆದುಹಾಕಿದ್ದೇನೆ.
ಏಳೂ ಮುಕ್ಕಾಲರ ಬಸ್ಸು;
ಸುಂಟಿಕೊಪ್ಪ ದಾಟಿದರೆ ಚಳಿ, ಸ್ವೆಟರ್ ತೆಗೆದಿಟ್ಟಿದೆ,
ಅಂಕಪಟ್ಟಿಯ ಹಿಂದೆ ಸೆಲ್ಲೋಟೇಪು.
ತಿಮ್ಮಯ್ಯನವರು ಎರಡು ತಿಂಗಳು ಜಾಗ ಇಟ್ಟಿರುತ್ತಾರಂತೆ,
ಮನಸ್ಸು ಬದಲಾದರೆ.

"ಲೈಟು ಆರಿಸು" ಎನ್ನುತ್ತಾನೆ ಹಂಸ, ಗೋಡೆ ಕಡೆ ತಿರುಗಿ.
ಇರು ಎಂದೆ.
ಮೇಜಿನ ಕೆಳಗಿನಿಂದ ತರಗತಿ ಬೇರೆ ಥರ ಕಾಣುತ್ತದೆ,
ಬರೀ ಕಾಲುಗಳು, ಬಿಚ್ಚಿದ ಲೇಸುಗಳು.
ಅದನ್ನು ಬರೆಯಬಹುದೋ ಏನೋ.