ಕಿವಿಯ ಕೆಲಸ

ಮೂವತ್ತೊಂದು ವರ್ಷ ನನ್ನ ಕೆಲಸ ಕೇಳಿಸಿಕೊಳ್ಳುವುದು.
ಭದ್ರಾವತಿಯ ಕಾರ್ಖಾನೆ, ಎರಕದ ಶೆಡ್ಡಿನ ಕೊನೆ.
ಅಚ್ಚು ಒಡೆದು, ಮರಳು ಕೊಡವಿಕೊಂಡು ಬಂದ ಕಬ್ಬಿಣವನ್ನು
ಸರಪಳಿಗೆ ತೂಗುಹಾಕಿ
ಸಣ್ಣ ಸುತ್ತಿಗೆಯಲ್ಲಿ ಒಂದೇ ಏಟು.
ಗಟ್ಟಿಯಿದ್ದರೆ ಹಾಡುತ್ತದೆ,
ಹೊರಟುಹೋದ ಮೇಲೂ ಹಿಂದೆ ಬರುತ್ತದೆ ಆ ಸದ್ದು.
ಒಳಗೆ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು
ಹಸಿ ಮಡಕೆಯ ಹಾಗೆ ಡೊಬ್ ಅಂದು ಬಾಯಿ ಮುಚ್ಚುತ್ತದೆ.
ಆಗ ಸುಣ್ಣದಲ್ಲಿ ಒಂದು ಕತ್ತರಿ ಗುರುತು,
ವಾಪಸು ಕುಲುಮೆಗೆ.

ಇದೇ ಕಿವಿಯಲ್ಲಿ ದೇವರನ್ನೂ ಕೇಳಿದ್ದೆ.
ಹತ್ತೊಂಬತ್ತು ವಯಸ್ಸು. ಭದ್ರೆಯಲ್ಲಿ ಎದೆಮಟ್ಟ ನೀರು.
ಸಭೆಯ ಹಿರಿಯರು ಕತ್ತು ಹಿಡಿದು ಮುಳುಗಿಸಿದಾಗ
ನೀರೊಳಗೆ ಯಾರೋ ಅಂದರು: ಜ್ಞಾನಶೀಲ.
ಅವ್ವ ಊಟಕ್ಕೆ ಕರೆದಂತಲ್ಲ,
ಮೇಷ್ಟ್ರು ಹಾಜರಿ ಕೂಗಿದಂತಲ್ಲ.
ಹೆಸರು ಮೊದಲೇ ಅಲ್ಲಿತ್ತು,
ನಾನು ಈಗ ಹೋಗಿ ತಲುಪಿದ ಹಾಗೆ.
ಒದ್ದೆ ಪಂಚೆಯಲ್ಲಿ ನಡುಗುತ್ತ ಮನೆಗೆ ಬಂದೆ,
ಯಾರಿಗೂ ಹೇಳಲಿಲ್ಲ. ಅನುಮಾನವೂ ಬರಲಿಲ್ಲ.
ಕಿವಿ ಹೇಳಿದ ಮೇಲೆ ಮುಗಿಯಿತು.

ಆಮೇಲೆ ಆ ಗಾಲಿ.
ಎರಡನೇ ಪಾಳಿ, ಶುಕ್ರವಾರ. ಹೊಡೆದೆ, ಹಾಡಿತು, ಸರಿ ಅಂದೆ.
ಹನ್ನೊಂದನೆಯ ದಿನ ಓಡುತ್ತಿದ್ದಾಗಲೇ ಸೀಳಿತು.
ಎಲೀಷನ ಬಲಗೈಯ ನಡುವಿನ ಮೂರು ಬೆರಳು.
ನಾನೇ ಮೇಸ್ತ್ರಿಗೆ ಹೇಳಿ ಕೆಲಸಕ್ಕೆ ಸೇರಿಸಿದ ಹುಡುಗ,
ಸಭೆಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದವನು.
ವಿಚಾರಣೆಯವರು ಬರೆದರು:
ಪರೀಕ್ಷಕರ ತಪ್ಪೇನೂ ಕಾಣಲಿಲ್ಲ.
ಕಾಣಲಿಲ್ಲ, ನಿಜ.

ಅವತ್ತಿನಿಂದ ಆ ನೀರೊಳಗಿನ ದನಿಗೂ ಸುಣ್ಣದ ಗುರುತು.
ಅಲ್ಲಿ ಸುಳ್ಳಾದ ಕಿವಿ ಇಲ್ಲಿ ಯಾಕೆ ನಿಜವಾಗಬೇಕು?
ಕಿವಿಗೆ ನೀರು ನುಗ್ಗಿದರೆ
ಯಾರಿಗೆ ಬೇಕಾದರೂ ಏನೋ ಕೇಳಿಸುತ್ತದೆ.
ಹಿರಿಯರ ಹತ್ತಿರ ಹೋದೆ. ಹನ್ನೆರಡು ವಚನ ಬರೆದುಕೊಟ್ಟರು.
ಮದ್ದಿನ ಚೀಟಿಯಂತೆ ಜೇಬಿನಲ್ಲಿಟ್ಟುಕೊಂಡೆ;
ಅಂಗಡಿ ಬಾಗಿಲು ಹಾಕಿತ್ತು.

ರಾತ್ರಿಯ ಪ್ರಾರ್ಥನೆಯೆಂದರೆ
ಕತ್ತಲನ್ನು ತೂಗುಹಾಕಿ ಹೊಡೆಯುವುದು.
ಡೊಬ್.
ಬಿರುಕು ಅದರದೋ ನನ್ನದೋ.
ಮತ್ತೆ ಹೊಡೆ. ಡೊಬ್.
ಮಗ್ಗುಲಲ್ಲಿ ಸುಗುಣಮಣಿ ಹೊರಳಿ ಗೊಣಗುತ್ತಾಳೆ:
‘ಮಲಗ್ರಿ ಸಾಕು, ದೇವರಿಗೂ ಪಾಳಿ ಮುಗಿದಿರ್ತದೆ.’

ಕಳೆದ ಭಾನುವಾರ
ನ್ಯೂಟೌನಿನ ನಮ್ಮ ತಗಡಿನ ಹಾಲಿನಲ್ಲಿ ಓದಿದ್ದು
ಗಾಯ ಮುಟ್ಟದೆ ನಂಬೆನೆಂದ ಶಿಷ್ಯನ ಭಾಗ.
ಪಕ್ಕದಲ್ಲಿ ಎಲೀಷ. ಬಾಗಿ ಪಿಸುಗುಟ್ಟಿದ:
‘ಮಾವ, ಬೆರಳಿಡು ಅಂತ ನಂಗೆ ಹೇಳಿದ್ರೆ
ಯಾವ ಬೆರಳಿಡ್ಲಿ?’
ನಕ್ಕ. ಅವನಿಗೆ ನಗು ಬರುತ್ತದೆ, ಮೊದಲಿಂದಲೂ.
ನಾನು ತಗಡನ್ನೇ ನೋಡುತ್ತಿದ್ದೆ.

ಹೌದಲ್ಲ, ಸಾವನ್ನೇ ದಾಟಿ ಎದ್ದು ಬಂದವನು
ಮೊಳೆಯ ತೂತು ಮುಚ್ಚಿಕೊಳ್ಳದೆ ಯಾಕೆ ಬಂದ?
ನನ್ನ ಸರಪಳಿಗೆ ಬಂದಿದ್ದರೆ
ಕತ್ತರಿ ಗುರುತು ಹಾಕಿ ಕಳಿಸುತ್ತಿದ್ದೆ.
ಒಡಕಿಟ್ಟುಕೊಂಡೂ ಹಾಡುವಂಥದ್ದು
ಇಷ್ಟು ವರ್ಷದಲ್ಲಿ ಒಂದೂ ಕಂಡಿಲ್ಲ
ಅಂದುಕೊಂಡೆ,
ಅಂದುಕೊಂಡ ಕೂಡಲೇ ನೆನಪಾಯಿತು:
ಕಂಡಿದ್ದೆ. ಒಂದೇ ಒಂದು. ಆ ಗಾಲಿ.

ಯೋಚನೆ ಅಲ್ಲೇ ಮುರಿಯಿತು.
ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ.
ಬೆವರು ಬಂದಿತ್ತು.

ಅಷ್ಟರಲ್ಲಿ ರೊಟ್ಟಿಯ ತಟ್ಟೆ ನಮ್ಮ ಸಾಲಿಗೆ ಬಂತು.
ಎಲೀಷ ತಟ್ಟೆ ತೊಡೆಯ ಮೇಲಿಟ್ಟುಕೊಂಡು
ಹೆಬ್ಬೆರಳು, ಕಿರುಬೆರಳು ಇಕ್ಕಳದಂತೆ ಕೂಡಿಸಿ
ಒಂದು ಚೂರು ಮುರಿದ. ತಡವಾಯಿತು, ಆದರೆ ಮುರಿದ.
ತನಗೆ ತೆಗೆದುಕೊಳ್ಳದೆ ನನ್ನ ಮುಖದ ಹತ್ತಿರ ಹಿಡಿದ,
ಮಗುವಿಗೆ ತುತ್ತು ಹಿಡಿದ ಹಾಗೆ.
ಅವನ ಕೈಯ ಮೇಲೆ ಹೊಲಿಗೆಯ ಗೆರೆ
ಬೆಳಕಿಗೆ ಮಿರುಗುತ್ತಿತ್ತು.

ಇದು ಪುರಾವೆಯಲ್ಲ. ಹಾಗೆಂದು ಅವನೂ ಕೊಡಲಿಲ್ಲ.
ರೊಟ್ಟಿ ಮುರಿಯುವಾಗ ಸದ್ದಾಗುವುದಿಲ್ಲ,
ಕಿವಿಗೆ ಅಲ್ಲಿ ಕೆಲಸವಿರಲಿಲ್ಲ.
ಬಾಯಿ ತೆರೆದೆ.