ಬೋಗುಣಿಯ ಸದ್ದು

ಚಳಿಗಾಲದಲ್ಲಿ ರಿಫ್ ಬೆಟ್ಟದ ನಮ್ಮೂರಿಗೆ
ಕಿವಿ ಹಿಡಿದೇ ದಾರಿ ಕಂಡುಕೊಳ್ಳಬಹುದು.
ಮನೆಮನೆಯಲ್ಲೂ ಬೋಗುಣಿಯ ಬಾಯಿಗೆ ತೆಳುಬಟ್ಟೆ ಬಿಗಿದು
ಒಣಗಿದ ಕಿಫ್ ಗಿಡ ಹರವಿ, ಮೇಲೊಂದು ಹಾಳೆ ಹೊದಿಸಿ
ಎರಡು ಕೋಲಲ್ಲಿ ಬಡಿಯುತ್ತಾರೆ:
ಡಬಡಬ ಡಬ, ಡಬಡಬ ಡಬ.
ಮದುವೆಯೇನೋ ಅಂದುಕೊಳ್ಳುತ್ತಾರೆ ಹೊಸಬರು.
ಬಟ್ಟೆಯಡಿ ಇಳಿಯುವುದು ಹೊಂಬಣ್ಣದ ಹುಡಿ.
ಇಳಿಯದ್ದು ಉಸಿರಿಗೆ.

ಈ ಸದ್ದು ನಾನು ಕೇಳಿದ್ದು ಹುಟ್ಟುವ ಮೊದಲೇ.
ತುಂಬುತಿಂಗಳಲ್ಲೂ ಅವ್ವ ಬಡಿದಳಂತೆ,
ಹೊಟ್ಟೆ ಅಡ್ಡ ಬರುತ್ತದೆಂದು ಬೋಗುಣಿಯನ್ನು ಮೊಣಕಾಲಾಚೆ ಸರಿಸಿ.
ತಮ್ಮನನ್ನು ಹೊತ್ತಾಗ ವಾಂತಿ ನಿಲ್ಲಲೆಂದು
ನೆರೆಮನೆಯ ಯಾಮ್ನಾ ಕೊಟ್ಟ ಚಿಲುಮೆಯಿಂದ
ದಿನಾ ಎರಡು ದಮ್ಮು.
"ನಿನ್ನ ಹೊತ್ತಾಗ ಇಲ್ಲ" ಅನ್ನುತ್ತಾಳೆ
ನಾನು ಕೇಳದೆಯೇ, ಪ್ರತಿ ಸಲ.

ಈಗ ತೆತುವಾನಿನ ಆಸ್ಪತ್ರೆಯಲ್ಲಿ ನನ್ನ ಕೆಲಸ
ತಲೆಗಳಿಗೆ ತಂತಿ ಅಂಟಿಸುವುದು,
ಮಿದುಳಿನ ಕೈಬರಹ ಪರದೆಯ ಮೇಲೆ ಹರಿಯುವುದನ್ನು ಕಾಯುವುದು.
ಡಾಕ್ಟರ್ ಲುಬ್ನಾ ಒಂದು ಮಧ್ಯಾಹ್ನ ಹೇಳಿದಳು:
ಈ ಸೊಪ್ಪಿನಂಥದೇ ಒಂದನ್ನು ಮಿದುಳು ತಾನೇ ಅರೆದುಕೊಳ್ಳುತ್ತದೆ,
ಚಿಟಿಕೆಯಷ್ಟು, ಬೇಕಾದಾಗ, ಬೇಕಾದಲ್ಲಿ.
ಬೀಗ ಮನೆಯದೇ.
ಹೊರಗಿನ ಕೀಲಿ ಬಂದರೆ ಬಾಗಿಲು ತೆರೆದೇ ನಿಲ್ಲುತ್ತದೆ.
ಇನ್ನೊಂದು ಮಾತು: ಹರೆಯದಲ್ಲಿ ಮಿದುಳು
ತನ್ನ ತೋಟ ತಾನೇ ಸವರುತ್ತದಂತೆ,
ಬೇಡದ ಕೊಂಬೆ ಕಡಿದು, ಬೇಕಾದ್ದನ್ನು ಉಳಿಸಿ,
ಇಪ್ಪತ್ತೈದರ ಹತ್ತಿರಕ್ಕೂ.
ನನಗೆ ಅಪ್ಪ ನೆನಪಾದ, ಅಂಜೂರದ ಮರ, ಕತ್ತಿ.
ಆ ಹೊತ್ತಲ್ಲಿ ಯಾರಾದರೂ ಏಣಿ ಅಲುಗಿಸಿದರೆ?

ತಮ್ಮ ಮಿಮೂನ್ ಹದಿನಾಲ್ಕಕ್ಕೆ ಶುರು ಮಾಡಿದ.
ಅದಕ್ಕೆ ಮೊದಲು ನಲವತ್ತು ಮೇಕೆಗಳ ಹೆಸರು,
ಅವುಗಳ ತಾಯಿಯರ ಹೆಸರು, ಒಂದೇ ಉಸಿರಿಗೆ ಹೇಳುತ್ತಿದ್ದ.
ಅರವತ್ತಕ್ಕೆ ಅರಳುಮರಳು ಅನ್ನುವುದುಂಟು.
ಅವನಿಗೆ ಹತ್ತೊಂಬತ್ತಕ್ಕೇ
ರೇಡಿಯೋ ಅವನನ್ನು ಬೈಯತೊಡಗಿತು,
ಬೋಗುಣಿಗಳು ಅವನ ಹೆಸರು ಹಿಡಿದು ಕರೆಯತೊಡಗಿದವು.
ಜೊತೆಗೆ ಸೇದಿದ ಹಮ್ಮೂ
ಟ್ಯಾಂಜಿಯರಿನಲ್ಲಿ ಲಾರಿ ಓಡಿಸುತ್ತಾನೆ, ಮೂರು ಮಕ್ಕಳು,
ಹಬ್ಬಕ್ಕೆ ಕಿತ್ತಳೆ ತರುತ್ತಾನೆ.
ಒಂದೇ ಚಿಲುಮೆ.

ಅಜ್ಜ ಅಲ್ಲಾಲ್‌ನ ಮಾತೇ ಬೇರೆ. ಎಪ್ಪತ್ತೆಂಟು.
ಸಂಜೆ ಎರಡು ಚಿಲುಮೆಯಾದ ಮೇಲೆ ಅವನ ಕೈನಡುಕ
ಸೂರಿನ ಹಕ್ಕಿಯಂತೆ ಕೂರುತ್ತದೆ.
ಆಗ ಕೆಟಲಿಯನ್ನು ತಲೆಯೆತ್ತರಕ್ಕೆ ಎತ್ತಿ
ಪುದೀನ ಚಹಾ ಸುರಿಯುತ್ತಾನೆ, ಹನಿ ಚೆಲ್ಲದೆ.
ಕುಡಿದಾದ ಮೇಲೆ ಕೇಳುತ್ತಾನೆ:
"ಚಹಾ ಆಯಿತೇನೇ?"
ಈ ಮರೆವು ಹುಡಿಯದ್ದೋ, ವಯಸ್ಸಿನದ್ದೋ?
ಲುಬ್ನಾ ಪೆನ್ನಿನ ಮುಚ್ಚಳ ಹಾಕಿದಳು.
"ಮುದುಕರ ತಲೆಯನ್ನು ಯಾರೂ ಇನ್ನೂ ಸರಿಯಾಗಿ ನೋಡಿಲ್ಲ."

ಮಿಮೂನನ ತಲೆಗೂ ನಾನೇ ತಂತಿ ಅಂಟಿಸಿದೆ.
ಗೆರೆಗಳು ಎಲ್ಲರ ಗೆರೆಗಳಂತೆಯೇ ಹರಿದವು.
ಕಳೆದದ್ದು ಈ ಯಂತ್ರಕ್ಕೆ ಕಾಣುವಂಥದ್ದಲ್ಲ.
"ಏನು ಬರೆದಿದೆ, ಅಕ್ಕ?"
"ನೀನು ಎಚ್ಚರವಿದ್ದೀಯ ಅಂತ."
ಬಹಳ ಹೊತ್ತು ನಕ್ಕ.
ಅಂಟು ಒರೆಸುವಾಗ ಅವನ ಕೂದಲಲ್ಲಿ
ಮೇಕೆಯ ವಾಸನೆ ಇನ್ನೂ ಇತ್ತು.

ಈ ಸಲ ರಜೆಗೆ ಬಂದರೆ ಚಿಕ್ಕಮ್ಮನ ಮಗಳು ರಹ್ಮೂನಾ,
ಐದು ತಿಂಗಳ ಬಸುರಿ, ಕೋಲು ಹಿಡಿದು ಕೂತಿದ್ದಾಳೆ.
ಕಿಟಕಿ ಮುಚ್ಚಿದೆ, ದೀಪದ ಸುತ್ತ ಹುಡಿಯ ಮಬ್ಬು.
ಬಿಡು ಅಂದೆ. ಹೊರಗೆ ಹೋಗಿ ಕೂರು ಅಂದೆ.
"ನೀ ಬಡಿಯುತ್ತೀಯಾ?" ಅಂದಳು, ಪಟ್ಟಣದ ನನ್ನ ಉಗುರು ನೋಡಿ.
ನನ್ನ ಶಾಲೆಯ ಫೀಸು ಈ ಹುಡಿ.
ತೆತುವಾನಿನ ಬಸ್ಸಿನ ಚೀಟಿ ಈ ಹುಡಿ.
ಸೆರಗು ಮೂಗಿಗೆ ಕಟ್ಟಿ ಕೂತೆ.
ಡಬಡಬ ಡಬ.
ಕೈ ಯಾವುದನ್ನೂ ಮರೆತಿರಲಿಲ್ಲ.

ಅಂಗಳದಿಂದ ಮಿಮೂನ್ ಓಗೊಟ್ಟ:
ಬಂದೆ, ಬಂದೆ.